ಶುಕ್ರವಾರದ ಅರ್ಧ ಸುತ್ತು

ಆ ಮನುಷ್ಯನಿಗೆ ಜೊತೆಯ ಕೆಲಸಗಾರರು ಇಟ್ಟ ಹೆಸರು ಅರ್ಧಸುತ್ತು ಮಾವ. ಕಲ್ಲಿದ್ದಲಿನ ವಿದ್ಯುತ್ ಘಟಕಕ್ಕೆ ಬೀಗ ಬಿದ್ದು ನಾಲ್ಕು ವರ್ಷವಾಗಿತ್ತು. ಗ್ಯಾಸ್ ಅಗ್ಗ, ಇನ್ನು ಇದ್ದಲು ಯಾರಿಗೆ ಬೇಕು ಎಂದಿದ್ದರು ದೊಡ್ಡವರು. ಅಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ಮಾವ ಮಾತ್ರ ಪ್ರತಿ ಶುಕ್ರವಾರ ಗೇಟಿನ ಕಾವಲುಗಾರನಿಂದ ಬೀಗ ತೆಗೆಸಿ ಒಳಗೆ ಹೋಗಿ, ಉದ್ದನೆಯ ಹಿಡಿ ಹಾಕಿ ಹಬೆಗೆ ತಿರುಗುವ ಟರ್ಬೈನಿನ ಅಚ್ಚನ್ನು, ಅಂದರೆ ಶಾಫ್ಟನ್ನು, ಅರ್ಧ ಸುತ್ತು ತಿರುಗಿಸಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಬಿಳಿ ಗೆರೆ ಎಳೆದು ಬರುತ್ತಿದ್ದ. ಅಷ್ಟು ಭಾರದ ಶಾಫ್ಟ್ ಒಂದೇ ಮಗ್ಗುಲಲ್ಲಿ ಮಲಗಿದ್ದರೆ ತನ್ನ ತೂಕಕ್ಕೇ ಬಾಗುತ್ತದೆ. ಬಾಗಿದರೆ ಗುಜರಿಯೇ ಗತಿ. ಹೀಗೆ ಮಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಸತ್ತ ಯಂತ್ರಕ್ಕೆ ಮಗ್ಗುಲು ಬದಲಿಸ್ತೀರಲ್ರೀ, ತಲೆ ನೆಟ್ಟಗಿದೆಯಾ?" ಎಂದು ಹೊಲಿಗೆ ಕೆಲಸದ ಹೆಂಡತಿ ಬಟ್ಟೆ ಕತ್ತರಿಸುತ್ತಲೇ ರೇಗಿಸುತ್ತಿದ್ದಳು.

"ಸತ್ತಿಲ್ಲ ಕಣೇ, ನಿದ್ದೆ ಮಾಡ್ತಿದೆ."

ಗ್ಯಾಸಿನ ಬೆಲೆ ಇವತ್ತು ಮುಗಿಲಿಗೆ, ನಾಳೆ ನೆಲಕ್ಕೆ ಎಂದು ಕುಣಿಯತೊಡಗಿದ ಮೇಲೆ ದೊಡ್ಡವರಿಗೆ ಜ್ಞಾನೋದಯವಾಯಿತು. ಪಕ್ಕದ ಬಯಲಿನಲ್ಲಿ ಅಣು ಸ್ಥಾವರಕ್ಕೆ ಬಂಡವಾಳ ಹಾಕುವುದು, ಅದು ಎದ್ದು ನಿಲ್ಲುವವರೆಗೆ ಇದ್ದಲಿನ ಘಟಕವನ್ನೇ ದುರಸ್ತಿ ಮಾಡಿ ಓಡಿಸುವುದು ಎಂದು ತೀರ್ಮಾನವಾಯಿತು. ಆದರೆ ಶಾಫ್ಟ್ ನೆಟ್ಟಗಿದ್ದರೆ ಮಾತ್ರ.

ಅದನ್ನು ಅಳೆದು ನೋಡುವ ಪರೀಕ್ಷೆಗೆ ಮೂರು ವಾರವಿದೆ ಎನ್ನುವಾಗ ಮಾವ ಟೈಫಾಯ್ಡ್ ಬಂದು ಹಾಸಿಗೆ ಹಿಡಿದ. ಜ್ವರ ಬಿಟ್ಟರೂ ತಪ್ಪಿಹೋದ ಮೂರು ಶುಕ್ರವಾರದ ಸಂಕಟ ಬಿಡಲಿಲ್ಲ. ಪರೀಕ್ಷೆಯ ಬೆಳಿಗ್ಗೆ ಇಂಜಿನಿಯರ್ ಮೇಡಂ ಅಳತೆಯ ಗೇಜನ್ನು ಶಾಫ್ಟಿಗೆ ತಾಗಿಸುವ ಮೊದಲೇ ಬಾಯಿಬಿಟ್ಟ.

"ಮೇಡಂ, ಮೂರು ವಾರ ತಿರುಗಿಸಿಲ್ಲ. ತಪ್ಪು ನಂದೇ."

ಶಾಫ್ಟ್ ಮೆಲ್ಲಗೆ ತಿರುಗಿತು. ಗೇಜಿನ ಮುಳ್ಳು ಇದ್ದಲ್ಲೇ ಇತ್ತು.

"ನೆಟ್ಟಗಿದೆ," ಎಂದರು ಮೇಡಂ. "ಅಲ್ಲ, ತಿರುಗಿಸಿಲ್ಲ ಅಂತ ಯಾಕೆ ಅಂದ್ರಿ? ಗೋಡೆ ಮೇಲೆ ಆ ಮೂರು ವಾರದ ಗೆರೆನೂ ಇದೆಯಲ್ಲ!"

ಮಾವ ತಿರುಗಿ ನೋಡಿದ. ಬಿಳಿ ಗೆರೆಗಳ ಸಾಲಿನ ಕೊನೆಗೆ ಮೂರು ನೀಲಿ ಗೆರೆ. ಬಟ್ಟೆಗೆ ಗುರುತು ಹಾಕುವ ಆ ನೀಲಿ ಸೀಮೆಸುಣ್ಣವನ್ನು ಅವನು ದಿನವೂ ಮನೆಯಲ್ಲಿ ನೋಡುತ್ತಿದ್ದ.

"ನೀವು ಜ್ವರದಲ್ಲಿ ಶುಕ್ರವಾರ, ಶುಕ್ರವಾರ ಅಂತ ಕನವರಿಸ್ತಿದ್ರಂತೆ," ಎಂದ ಗೇಟಿನ ಕಾವಲುಗಾರ. "ನಿಮ್ಮನೆ ಅಕ್ಕನೂ ನಾನೂ ಸೇರಿ ಹಿಡಿ ಎಳೆದ್ವಿ. ಹೇಳ್ಬೇಡ ಅಂದಿದ್ರು."

ಮಾವನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಅವನಿಗೆ ನಾಚಿಕೆಯೇನೂ ಆಗಲಿಲ್ಲ.

"ಅಣು ಸ್ಥಾವರದಲ್ಲೂ ಹಬೆಯೇ, ಶಾಫ್ಟೇ," ಎಂದರು ಮೇಡಂ. "ಹೊಸಬರಿಗೆ ನೀವೇ ಪಾಠ ಹೇಳ್ಬೇಕು. ಬರ್ತೀರಾ?"

"ಬರ್ತೀನಿ ಮೇಡಂ," ಎಂದ ಮಾವ, ನೀಲಿ ಗೆರೆಗಳ ಕಡೆ ನೋಡುತ್ತ. "ಆದ್ರೆ ಮೇಷ್ಟ್ರ ಕುರ್ಚಿ ಎರಡು ಹಾಕ್ಸಿ."