ಹೆಯ್ಕಾ ಹಾಕಿದ ತೇಪೆ

ಹೆಯ್ಕಾ ನನ್ನ ದೊಡ್ಡಮ್ಮನ ಮಗ. ಉತ್ತರ ಧ್ರುವದ ಹತ್ತಿರದ ನಮ್ಮೂರು ಕೌಟೊಕೈನೊದ ಸುತ್ತಮುತ್ತ ಹಿಮಸಾರಂಗ ಮೇಯಿಸುವ ನಮ್ಮ ಮಂದಿಗೆ ಗಾಡಿ ಕೆಟ್ಟರೆ ಅವನೇ ಗತಿ. ಹಿಮದ ಮೇಲೆ ಓಡುವ ಆ ಗಾಡಿಯನ್ನು ನಾವು ಸ್ಕೂಟರ್ ಅನ್ನುತ್ತೇವೆ. ಮದುವೆಯ ಮಾತೆತ್ತಿದರೆ, "ನಂಗ್ಯಾರು ಹೆಣ್ಣು ಕೊಡ್ತಾರೆ? ಮೈಯೆಲ್ಲ ಪೆಟ್ರೋಲು" ಎಂದು ನಗುತ್ತಿದ್ದ. ತಾನು ರಿಪೇರಿ ಮಾಡಿದ್ದು ಅದೇ ದೂರು ಹೊತ್ತು ಮತ್ತೆ ಬರುವುದಿಲ್ಲ ಎಂಬುದೊಂದೇ ಅವನ ಹೆಮ್ಮೆ. ಆ ಹೆಮ್ಮೆಯನ್ನು ಮುರಿದ ಪಾಪಿ ನಾನು.

ಏಳು ವರ್ಷದ ಹಿಂದಿನ ಏಪ್ರಿಲ್. ಹಿಂಡನ್ನು ಕರಾವಳಿಗೆ ಹೊಡೆದುಕೊಂಡು ಹೋಗುತ್ತಿದ್ದೆವು. ಸರೋವರದ ಬೋಳು ಮಂಜುಗಡ್ಡೆಯ ಮೇಲೆ ರಾವ್ದ್ನಾ ಅತ್ತೆಯ ಸ್ಕೂಟರ್ ಎಂಜಿನ್ ಕಾದು ನಿಂತುಬಿಟ್ಟಿತು. ಗಾಡಿಯ ಕೆಳಗೆ ಸುತ್ತುವ ರಬ್ಬರ್ ಪಟ್ಟಿ ಎರಚುವ ಹಿಮವೇ ಎಂಜಿನ್ನನ್ನು ತಣ್ಣಗಿಡಬೇಕು. ಅಲ್ಲಿ ಎರಚಲು ಹಿಮವೇ ಇರಲಿಲ್ಲ. ಸಾಲದೆಂಬಂತೆ, ಪಟ್ಟಿಯಿಂದ ಕಿತ್ತುಬಂದ ಮೊಳೆಯೊಂದು ತಣಿಸುವ ಟೊಳ್ಳು ತಗಡನ್ನು ಸೀಳಿತ್ತು.

ಗಾಡಿಯನ್ನು ದಡಕ್ಕೆಳೆದು ಗುಡಾರ ಹಾಕಿದೆವು. ಹೆಯ್ಕಾ ಕೊಳವೆ ಬಿಚ್ಚಿ, ಎಂಜಿನ್ ತಣಿಸುವ ಹಸಿರು ಕೂಲೆಂಟನ್ನು ಬಕೆಟ್ಟಿಗೆ ಇಳಿಸತೊಡಗಿದ.

"ಯೊವ್ನಾ, ಬಕೆಟ್ ಸರಿಯಾಗಿ ಹಿಡಿ. ಒಂದು ಹನಿ ಚೆಲ್ಲಿದ್ರೂ ಚರ್ಮ ಸುಲೀತೀನಿ. ಕೂಲೆಂಟ್ ಸಿಹಿ ಕಣೋ, ಆದ್ರೆ ವಿಷ."

"ನಾನೇನು ಚಿಕ್ಕ ಮಗುನಾ ಅಣ್ಣಾ?"

ಅವನು ತಗಡನ್ನು ಅರದಿಂದ ಉಜ್ಜಿ, ಪೆಟ್ರೋಲಿನಲ್ಲಿ ಒರೆಸಿ, ಅಂಟನ್ನು ಬಿಸಿ ಮಾಡಲು ಗುಡಾರದೊಳಗೆ ಹೋದ. ಕಾಫಿಯ ವಾಸನೆ ಬಂತು. ನಾನು ಗಡಬಡಿಸಿ ಎದ್ದೆ. ಕಾಲು ತಗಲಿ ಬಕೆಟ್ ಉರುಳಿತು. ಅತ್ತಿತ್ತ ನೋಡಿದೆ, ಯಾರೂ ಇರಲಿಲ್ಲ. ಬೂಟಿನಿಂದ ಹಿಮ ತಳ್ಳಿ ಮುಚ್ಚಿ, ತುಳಿದು ಸಮಮಾಡಿದೆ. ಹಳೇದನ್ನು ಡಬ್ಬಕ್ಕೆ ಸುರಿದಿಟ್ಟೆ ಎಂದು ಅಣ್ಣನಿಗೆ ಹೇಳಿದೆ; ಅವನು ನಂಬಿ, ತೇಪೆ ಅಂಟಿಸಿ ಹೊಸ ಕೂಲೆಂಟ್ ತುಂಬಿದ.

ಬೇರೆ ಯಾರಾದರೂ ಹಾಗೆ ಮಾಡಿದ್ದರೆ ತಿಳಿಯದೆ ಮಾಡಿದರು ಅನ್ನಬಹುದಿತ್ತು. ಹಿಮದ ಕೆಳಗಿನದನ್ನು ಗೊರಸಿನಿಂದ ಕೆದಕಿ ತಿನ್ನುವುದೇ ಹಿಮಸಾರಂಗದ ಬದುಕು. ಅತ್ತೆಯ ಮುದ್ದಿನ ಸಾರಂಗ ಮುಜೆತ್, ಇಡೀ ಹಿಂಡಿಗೆ ದಾರಿ ತೋರಿಸುತ್ತಿದ್ದ ಹಿರಿಯ, ಮರಿಯಾಗಿದ್ದಾಗಿನಿಂದ ನಮ್ಮ ಮೂತ್ರದ ಉಪ್ಪು ನೆಕ್ಕಿಯೇ ಪಳಗಿದ್ದು. ಮನುಷ್ಯರ ಠಾವಿನಲ್ಲಿ ಹಿಮ ಕೆದಕುವುದು ಅದರ ಚಟ. ಇಷ್ಟೆಲ್ಲ ಗೊತ್ತಿದ್ದೂ ಮುಚ್ಚಿದರೆ ಮುಗಿಯಿತು ಅಂದುಕೊಂಡೆ.

ಬೆಳಿಗ್ಗೆ ಗಾಡಿಯ ಪಕ್ಕ ಕೆದಕಿದ ಹಸಿರು ಹಿಮ ಕಂಡಿತು. ಮುಜೆತ್ ಕುಡಿದವನ ಹಾಗೆ ತೂರಾಡಿತು. ಎರಡು ದಿನ ನರಳಿ, ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಸತ್ತಿತು.

"ನಿನ್ನ ತೇಪೆ ಸೋರಿದೆ ಹೆಯ್ಕಾ," ಎಂದಳು ಅತ್ತೆ.

ಹೆಯ್ಕಾ ಬಗ್ಗಿ ನೋಡಿದ. ಹೊಸದಾಗಿ ತುಂಬಿದ್ದ ಕೂಲೆಂಟ್ ಒಂದು ಬೆರಳಷ್ಟು ಇಳಿದಿತ್ತು. ಒಳಗಿನ ಗಾಳಿ ಹೊರಬಿದ್ದರೆ ಅಷ್ಟು ಇಳಿಯುವುದು ಮಾಮೂಲು. ಆದರೂ ಅವನು, "ಹೌದತ್ತೆ, ತಪ್ಪು ನಂದೇ," ಎಂದ. ನನ್ನ ನಾಚಿಕೆಗೆಟ್ಟ ಬಾಯಿ ಕಾಫಿಗೆ ಮಾತ್ರ ತೆರೆಯಿತು.

ಆಮೇಲೆ ಹೆಯ್ಕಾ ಬೇರೆಲ್ಲ ರಿಪೇರಿ ಮಾಡಿದ. ಎಂಜಿನ್ ಕಾಯುತ್ತದೆ ಅಂದರೆ ಮಾತ್ರ, "ಆಲ್ತಾ ಪೇಟೆಗೆ ಒಯ್ಯಿ" ಎಂದುಬಿಡುತ್ತಿದ್ದ.

ಈ ಮಾರ್ಚಿನಲ್ಲಿ ನನ್ನ ಸ್ಕೂಟರಿಗೂ ಅದೇ ರೋಗ ಬಂತು. ಅವನ ಶೆಡ್ಡಿಗೆ ಎಳೆದುಕೊಂಡು ಹೋದೆ.

"ಅದು ನನ್ ಕೈಲಾಗಲ್ಲ ಕಣೋ. ಇಲ್ಲಿ ನೋಡು." ಅಟ್ಟದಿಂದ ತಗಡೊಂದನ್ನು ಇಳಿಸಿದ. ಅತ್ತೆಯ ಗಾಡಿ ಗುಜರಿಗೆ ಹೋದಾಗ ಬಿಚ್ಚಿಟ್ಟುಕೊಂಡದ್ದು. "ವರ್ಷಾ ವರ್ಷಾ ನೀರು ತುಂಬಿ ನೋಡ್ತೀನಿ. ರಾತ್ರಿಯೆಲ್ಲ ಇಟ್ರೂ ಒಂದು ಹನಿ ಬರಲ್ಲ. ಎಲ್ಲಿ ಸೋರ್ತು ಅಂತ್ಲೇ ಗೊತ್ತಾಗ್ತಿಲ್ಲ. ಗೊತ್ತಾಗದೆ ಇನ್ನೊಬ್ರ ಗಾಡಿಗೆ ಹೆಂಗೆ ಕೈ ಹಾಕ್ಲಿ?"

ನನಗೆ ತಡೆಯಲಾಗಲಿಲ್ಲ. ಬಕೆಟ್ಟಿನ ವಿಷಯ ಹೇಳಿಬಿಟ್ಟೆ. ಹಿಮ ಮುಚ್ಚಿದ್ದನ್ನೂ ಹೇಳಿದೆ. ಹೊಡೆಯಲಿ ಎಂದು ಕಾದೆ.

"ಅಂದ್ರೆ ಇದು ಸೋರ್ಲಿಲ್ವಾ?"

"ಇಲ್ಲ ಅಣ್ಣಾ."

"ಯಾವತ್ತೂ?"

"ಯಾವತ್ತೂ ಇಲ್ಲ."

ಅವನು ತೇಪೆಯ ಅಂಚನ್ನು ಹೆಬ್ಬೆರಳಿಂದ ಸವರಿದ. ಕಣ್ಣು ಒದ್ದೆಯಾಗಿತ್ತು. ನನ್ನ ಮುಖ ನೋಡದೆ ಹೇಳಿದ:

"ಗಾಡಿ ಇಲ್ಲೇ ಇರ್ಲಿ, ಮಾಡಿಕೊಡ್ತೀನಿ. ನೀನು ಮಾತ್ರ ಹೋಗು."