ಕೊನೆಯ ಒಂದೇಟು ಬಾಕಿ

ಸೂರ್ಯ ಇನ್ನೂ ಮುಳುಗಿಲ್ಲ. ದಂಡೆಯ ಕಲ್ಲಿನ ಮೇಲೆ ಕುಳಿತ ಮುದುಕರೊಬ್ಬರು ತೊಡೆಯ ಮೇಲೆ ಕಬ್ಬಿಣದ ಸಲಾಕೆ ಇಟ್ಟುಕೊಂಡು ಕತ್ತಲಿಗೆ ಕಾಯುತ್ತಿದ್ದಾರೆ. ಪಕ್ಕದ ಕಂಬದಲ್ಲಿ ರೈಲು ಹಳಿಯ ತುಂಡೊಂದು ಸರಪಳಿಗೆ ತೂಗುಬಿದ್ದಿದೆ. ಎದುರಿಗೆ, ಸಮುದ್ರ ಹಿಂದೆ ಸರಿದು ಬಿಟ್ಟುಹೋದ ಕೆಸರು ಕಣ್ಣು ಹಾಯುವವರೆಗೂ ಹರಡಿದೆ. ಅದರ ಮೇಲೆಲ್ಲ ಚಿಪ್ಪು ಹೆಕ್ಕುವವರ ಬಾಗಿದ ಬೆನ್ನುಗಳು.

ಇಳಿತ ಸಂಜೆಗೆ ಬೀಳುವ ದಿನಗಳಲ್ಲಿ ಹೊತ್ತು ನೋಡಿ ಹಳಿ ಬಾರಿಸುವುದು ಇವರ ಕೆಲಸ. ಸದ್ದು ಕೇಳಿದ ಕೂಡಲೇ ಕೆಳಗಿದ್ದವರು ಬುಟ್ಟಿ ಎತ್ತಿಕೊಂಡು ದಂಡೆಗೆ ತಿರುಗಬೇಕು. ಎಲ್ಲರೂ ಮೇಲೆ ಬಂದಾದ ಮೇಲೆ ಕೊನೆಗೆ ಒಂದೇ ಒಂದು ಏಟು. ಕೆಳಗೆ ಯಾರೂ ಉಳಿದಿಲ್ಲ ಎಂದು ಅದರರ್ಥ. ಅದು ಕೇಳಿದ ಮೇಲೆಯೇ ಮನೆಗಳಲ್ಲಿ ತಟ್ಟೆ ಇಡುತ್ತಿದ್ದರು. ಅಪ್ಪನಿಂದ ಬಂದ ಈ ಕೆಲಸಕ್ಕೆ ಸಂಬಳವಿಲ್ಲ. ಮೇಲೆ ಬಂದವರು ತಲಾ ಒಂದು ಹಿಡಿ ಚಿಪ್ಪನ್ನು ಇವರ ಬುಟ್ಟಿಗೆ ಸುರಿದು ಹೋಗುತ್ತಾರೆ. ಊರಿನ ಬಾಯಲ್ಲಿ ಇವರು ಸಂಜೆಣ್ಣ. "ಹಗಲೆಲ್ಲ ನಿದ್ದೆ, ಸಂಜೆಗೆ ನಾಲ್ಕೇಟು, ಇದಕ್ಕಿಂತ ಸುಖದ ನೌಕರಿ ಇದೆಯಾ?" ಎಂದು ಛೇಡಿಸುವವರಿದ್ದರು. ಈಗ ಯಾರೂ ಛೇಡಿಸುವುದಿಲ್ಲ.

ಕೆಸರಿನಲ್ಲಿ ಗಟ್ಟಿ ದಾರಿ ಇರುವುದು ಒಂದೇ. ಅದರುದ್ದಕ್ಕೂ ಗೂಟ ನೆಟ್ಟಿದ್ದಾರೆ. ಗೂಟ ತಪ್ಪಿದರೆ ಕಾಲು ಎಷ್ಟು ಆಳಕ್ಕೆ ಇಳಿಯುತ್ತದೋ ಹೇಳಲಾಗದು, ಅಷ್ಟರಲ್ಲಿ ನೀರೂ ತಿರುಗಿ ಬರುತ್ತದೆ. ಟಾರ್ಚ್ ಒಯ್ಯಬಹುದಲ್ಲ ಎಂದು ಪೇಟೆಯವನ ಬುದ್ಧಿಯಿಂದ ಕೇಳಿದೆ. "ಟಾರ್ಚ್ ಬಿಟ್ರೆ ಒದ್ದೆ ಕೆಸರೆಲ್ಲ ಥಳಥಳ ಅನ್ನುತ್ತೆ, ಗೂಟ ಯಾವುದು ನೆರಳು ಯಾವುದು ತಿಳಿಯಲ್ಲ. ಕೆಸರು ಬೆಳಕನ್ನ ಬೇಗ ಬಿಡೋದೂ ಇಲ್ಲ. ದಂಡೆ ಕಪ್ಪಾದ್ರೂ ಅಲ್ಲಿರೋರಿಗೆ ಇನ್ನೂ ಹೊತ್ತಿದೆ ಅನ್ಸುತ್ತೆ. ಅದಕ್ಕೇ ಕತ್ತಲು ನೋಡೋಕೆ ಮೇಲೊಬ್ಬ ಬೇಕು," ಎಂದರು.

ಕತ್ತಲು ನೋಡುವುದನ್ನೇ ಬದುಕು ಮಾಡಿಕೊಂಡವರಿಗೆ ಇರುಳುಗಣ್ಣು ಬರಬೇಕೇ? ಬಂತು. ಊರಲ್ಲಿ ಬೇರೆ ಯಾರ ಕಣ್ಣೂ ಸಿಗಲಿಲ್ಲವೇನೋ ವಿಧಿಗೆ.

"ಮೊದಲು ನನಗೇ ತಿಳೀಲಿಲ್ಲ. ಈಚೆಗೆ ಯಾಕೋ ಹೊತ್ತು ಬೇಗ ಮುಳುಗ್ತಿದೆ ಅಂದ್ಕೊಂಡಿದ್ದೆ. ಡಾಕ್ಟರು ನರ ಸೋತಿದೆ, ಆಪರೇಷನ್‌ಗೂ ಬಗ್ಗಲ್ಲ ಅಂದ್ರು." ಎಲ್ಲರಿಗೂ ಸಂಜೆ ಇದ್ದಾಗಲೇ ಇವರಿಗೆ ರಾತ್ರಿ. ಹಾಗಾಗಿ ಬೇಗಬೇಗ ಬಾರಿಸತೊಡಗಿದರು. ಅರ್ಧ ಬುಟ್ಟಿ ಹೊತ್ತು ಬಂದವರು ಗೊಣಗಿದರು. "ತಡವಾದ್ರೆ ಜೀವ ಹೋಗುತ್ತೆ, ಬೇಗಾದ್ರೆ ಅರ್ಧ ಬುಟ್ಟಿ ಹೋಗುತ್ತೆ. ಬುಟ್ಟಿ ಹೋದ್ರೆ ಹೋಗ್ಲಿ ಅಂತ ಬೇಗನೇ ಹೊಡೀತಿದ್ದೆ," ಎನ್ನುತ್ತಾರೆ. ಅದರಲ್ಲಿ ತಪ್ಪೇನಿದೆ ಎಂದು ಯಾರಿಗಾದರೂ ಅನಿಸೀತು. ನನಗೂ ಅನಿಸಿತು.

ಆದರೆ ಜನ ಸುಮ್ಮನಿರುತ್ತಾರೆಯೇ? ಸಂಜೆಣ್ಣ ಬಾರಿಸಿದ ಮೇಲೂ ಇನ್ನೊಂದು ಬುಟ್ಟಿಗಾಗುವಷ್ಟು ಹೊತ್ತು ಉಳಿಯುತ್ತದೆ ಎಂದು ಕಂಡುಕೊಂಡರು. ಹಳಿ ಕೂಗಿದರೂ ತಲೆ ಎತ್ತದೆ ಹೆಕ್ಕತೊಡಗಿದರು. ಮೊದಲು ಶುರುಮಾಡಿದ್ದು ಇವರ ಒಡಹುಟ್ಟಿದ ತಂಗಿಯೇ. "ಅಣ್ಣನ ಕತ್ತಲೇ ಬೇರೆ, ನಮ್ಮ ಕತ್ತಲೇ ಬೇರೆ" ಎಂದು ನಗುತ್ತಿದ್ದರಂತೆ.

ಹೋದ ವರ್ಷ ಒಂದು ಸಂಜೆ ಪಡುವಣದಲ್ಲಿ ಮೋಡ ಒಮ್ಮೆಲೇ ಕವಿಯಿತು. ಅಂದು ಸಂಜೆಣ್ಣ ಬಾರಿಸಿದ ಹೊತ್ತಿಗೆ ದಂಡೆಯಲ್ಲಿದ್ದ ಎಲ್ಲರ ಕಣ್ಣಿಗೂ ನಿಜವಾಗಿಯೇ ಕತ್ತಲಾಗುತ್ತಿತ್ತು. ಕೆಳಗಿದ್ದವರು ಎಂದಿನಂತೆ ಇನ್ನೊಂದು ಬುಟ್ಟಿಗೆ ಬಾಗಿದರು. ಹತ್ತಿರದಲ್ಲಿದ್ದವರು ಗೂಟದಿಂದ ಗೂಟಕ್ಕೆ ತಡಕಾಡುತ್ತ ಹೇಗೋ ದಂಡೆ ಸೇರಿದರು. ಎಲ್ಲರಿಗಿಂತ ದೂರದಲ್ಲಿದ್ದ ತಂಗಿ ಸೇರಲಿಲ್ಲ. ಮರುದಿನ ನೀರಿಳಿದಾಗ ಒಂದು ಗೂಟದ ಬುಡದಲ್ಲಿ ಅವರ ಬುಟ್ಟಿ ಸಿಕ್ಕಿತು. ತುಂಬಿತ್ತು. ಅವರು ಇವತ್ತಿಗೂ ಸಿಕ್ಕಿಲ್ಲ.

ಸಂಜೆಣ್ಣ ಅಲ್ಲಿಯವರೆಗೆ ಯಾರಿಗೂ ಹೇಳದಿದ್ದ ತಮ್ಮ ಕಣ್ಣಿನ ವಿಷಯ ಊರಿಗೆಲ್ಲ ಹೇಳಿ, ಸಲಾಕೆ ಮೂಲೆಗಿಟ್ಟು ಮನೆ ಹಿಡಿದರು. ಕೆಸರಿಗೆ ಯಾರೂ ಇಳಿಯಲಿಲ್ಲ. ಎಷ್ಟು ದಿನ ಇಳಿಯದಿರಲು ಸಾಧ್ಯ, ಹೊಟ್ಟೆ ಕೇಳಬೇಕಲ್ಲ. ಕೊನೆಗೆ ಬಾಗಿಲಿಗೆ ಬಂದು ನಿಂತದ್ದು ತಂಗಿಯ ಗಂಡ. "ಏಳಿ ಭಾವ, ಹೊತ್ತಾಯ್ತು," ಅಂದರಂತೆ, ಅಷ್ಟೇ.

ಅವರು ದೋಣಿ ರಿಪೇರಿ ಮಾಡುವ ಬಡಗಿ, ಅಂದಿನಿಂದ ಸಂಜೆಣ್ಣನ ಕಣ್ಣಾಗಿದ್ದಾರೆ. ಪಕ್ಕದಲ್ಲಿ ಕೂರುತ್ತಾರೆ, ಹೊತ್ತು ನೋಡುತ್ತಾರೆ, ಹೊತ್ತಾದಾಗ "ಸಾಕು" ಅನ್ನುತ್ತಾರೆ. ಬೇರೆ ಮಾತೇ ಇಲ್ಲ. ನೀವೇ ಬಾರಿಸಬಹುದಲ್ಲ ಎಂದು ಕೇಳಿದೆ. "ಅವರ ಏಟಿಗೆ ಜನರ ಕಾಲು ತಾನಾಗೇ ತಿರುಗುತ್ತೆ. ನನ್ನದಕ್ಕೆ ತಿರುಗಲ್ಲ," ಎಂದರು. ಅವರ ಮೇಲಿನ ಸಿಟ್ಟು ಹೋಗಿದೆಯೇ ಎಂದೆ.

"ಇಲ್ಲ," ಎಂದರು, ಸಂಜೆಣ್ಣನಿಗೆ ಕೇಳುವಂತೆಯೇ.

ನಾವು ಮಾತಾಡುತ್ತಿರುವಾಗಲೇ ದೂರದ ದೋಣಿಗಳು ಕರಗುತ್ತಿವೆ. ಆಮೇಲೆ ತುದಿಯ ಗೂಟಗಳು ಮಸುಕಾಗುತ್ತವೆ. ಕೆಸರು ಮಾತ್ರ ಹಿತ್ತಾಳೆ ತಟ್ಟೆಯ ಹಾಗೆ ಹೊಳೆಯುತ್ತಲೇ ಇದೆ. ಇಷ್ಟು ಚೆಲುವಾದದ್ದನ್ನು ಕಂಡು ನನಗೆ ಹೆದರಿಕೆಯಾಗುತ್ತದೆ.

"ಸಾಕು," ಎನ್ನುತ್ತಾರೆ ಬಡಗಿ.

ಏಟುಗಳು ಬೀಳುತ್ತವೆ. ಈಗ ಯಾರೂ ಇನ್ನೊಂದು ಬುಟ್ಟಿ ಎನ್ನುವುದಿಲ್ಲ. ಬಾಗಿದ ಬೆನ್ನುಗಳೆಲ್ಲ ನೆಟ್ಟಗಾಗಿ ದಾರಿಗೆ ಬೀಳುತ್ತವೆ. ಸಂಜೆಣ್ಣ ಬುಟ್ಟಿಯನ್ನು ಕಾಲ ಬಳಿ ಎಳೆದುಕೊಂಡು ಕಿವಿ ಕೊಟ್ಟು ಕೂರುತ್ತಾರೆ. ಬರುವವರ ಮುಖ ಅವರಿಗೆ ಕಾಣುವುದಿಲ್ಲ, ಬುಟ್ಟಿಗೆ ಬೀಳುವ ಒಂದೊಂದು ಹಿಡಿಯ ಸದ್ದೇ ಅವರ ಎಣಿಕೆ. ಹಿಡಿ ಬಿತ್ತೆಂದರೆ ಒಂದು ಜೀವ ಮೇಲೆ ಬಂತು.

"ನಾನೇ ಕೊನೆ, ಸಂಜೆಣ್ಣ," ಎನ್ನುತ್ತ ಒಬ್ಬಾಕೆ ತನ್ನ ಹಿಡಿ ಸುರಿಯುತ್ತಾಳೆ. "ಆ ಒಂದೇಟು ಹೊಡೆದ್ಬಿಡಿ. ನಮ್ಮತ್ತೆ ಈಗಲೂ ಅದನ್ನೇ ಕಾಯ್ತಾ ಬಾಗಿಲಲ್ಲಿ ನಿಂತಿರ್ತಾರೆ."

ಸಂಜೆಣ್ಣ ಸಲಾಕೆಯನ್ನು ನೆಲಕ್ಕಿಡುತ್ತಾರೆ. ಆಕೆ ಹೊರಡುತ್ತಾಳೆ. ತಂಗಿ ಹೋದ ಆ ಸಂಜೆಯಿಂದ ಈ ಊರು ಕೊನೆಯ ಏಟು ಕೇಳಿಲ್ಲ.

ಇನ್ನು ಯಾವತ್ತೂ ಹೊಡೆಯುವುದಿಲ್ಲವೇ ಎಂದು ಕೇಳುತ್ತೇನೆ. ಕೆಸರಿನ ಹೊಳಪೂ ಆರಿ, ನನಗೂ ಈಗ ಅವರಷ್ಟೇ ಕಾಣುತ್ತಿದೆ.

"ಅವಳ ಹಿಡಿ ಇನ್ನೂ ಬಿದ್ದಿಲ್ಲವಲ್ಲ, ಹೇಗೆ ಹೊಡೀಲಿ?" ಎನ್ನುತ್ತಾರೆ. "ನನ್ನ ನಂತರ ಈ ಕಲ್ಲಿನ ಮೇಲೆ ಕೂರೋನು ಹೊಡೀಲಿ. ಅವನ ಎಣಿಕೆಯಲ್ಲಿ ಅವಳು ಇರಲ್ಲ."