ಕಾಕುವಿನ ಅಂಟಿನ ಉಂಡಿ

ನಿನ್ನೆ ಮಧ್ಯಾಹ್ನ ಓಣಿಯ ಆ ತುದಿಯ ಮನೆಯಿಂದ ಒಂದು ಸ್ಟೀಲ್ ಡಬ್ಬಿ ಬಂತು. ಮುಚ್ಚಳ ತೆಗೆಯುವ ಮೊದಲೇ ವಾಸನೆ ಬಂತು... ತುಪ್ಪದಲ್ಲಿ ಅರಳಿದ ಅಂಟು, ಹುರಿದ ಒಣಕೊಬ್ಬರಿ, ಮೇಲೆ ಚೂರೇ ಚೂರು ಜಾಜಿಕಾಯಿ. ಬಾಣಂತಿಗೆ ಮಾಡುವ ಅಂಟಿನ ಉಂಡಿ. ಆ ಮನೆಯ ಮಗಳು ಹಡೆದು ಒಂದು ವಾರವಾಗಿದೆ. ಬಾಣಂತಿಯ ಡಬ್ಬಿಯಿಂದ ಮೊದಲ ಪಾಲು ನನ್ನ ಮನೆಗೇ ಯಾಕೆ ಬಂತು ಅನ್ನುವುದು ಆ ಹುಡುಗಿಯ ತಾಯಿಗೆ ಗೊತ್ತು, ನನಗೆ ಗೊತ್ತು. ಗೊತ್ತಿದ್ದ ಇನ್ನೊಬ್ಬಾಕೆ ಈಗ ಇಲ್ಲ.

ಒಂದು ಉಂಡಿ ಮುರಿದು ಬಾಯಿಗೆ ಹಾಕಿಕೊಂಡೆ. ಹಲ್ಲಿಗೆ ಅಂಟು ಕಟಕ್ಕೆಂದಿತು. ಅಷ್ಟಕ್ಕೇ ಕಣ್ಣು ತುಂಬಿ ಬಂತು. ಈ ವಯಸ್ಸಿನಲ್ಲಿ ಉಂಡಿ ತಿಂದು ಅಳುವವಳು ನಾನೊಬ್ಬಳೇ ಇರಬೇಕು.

ಏಕಸಂಬಿಯಲ್ಲಿ ನಮ್ಮ ಮನೆಗೂ ಆ ಇನ್ನೊಬ್ಬಾಕೆಯ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನಮ್ಮ ಓಣಿಯಲ್ಲಿ ಕನ್ನಡ ಯಾವುದು ಮರಾಠಿ ಯಾವುದು ಎಂದು ಯಾರೂ ಬೇರೆ ಮಾಡುತ್ತಿರಲಿಲ್ಲ, ಹಾಗಾಗಿ ಆಕೆ ಎಲ್ಲರಿಗೂ ಕಾಕು, ಅಂದರೆ ಚಿಕ್ಕಮ್ಮ. ಗಂಡ ಮಕ್ಕಳಿಗೆ ಕಬ್ಬಿನ ಗದ್ದೆ, ಆಕೆಗೆ ಎರಡು ಎಮ್ಮೆ ಮತ್ತು ಊರಿನ ಬಾಣಂತಿಯರು. ಯಾರ ಮನೆಯಲ್ಲಿ ಹೆರಿಗೆಯಾದರೂ ಎಣ್ಣೆ ಹಚ್ಚಿ ನೀರು ಹಾಕಲು, ಹೊಟ್ಟೆಗೆ ಬಟ್ಟೆ ಬಿಗಿಯಲು, ಉಂಡಿ ಕಟ್ಟಲು ಕಾಕು ಬರಬೇಕು. ಬೆಳಿಗ್ಗೆ ಎದ್ದ ಕೂಡಲೇ ಹಲ್ಲಿಗೆ ಮಿಶ್ರಿ ತಿಕ್ಕುತ್ತ ಹಿತ್ತಲಲ್ಲಿ ಕೂತುಬಿಟ್ಟರೆ, ಸುಟ್ಟ ತಂಬಾಕಿನ ಆ ಪುಡಿ ಬಾಯಲ್ಲಿರುವಷ್ಟು ಹೊತ್ತು ಯಾರ ಮಾತಿಗೂ ಉತ್ತರವಿಲ್ಲ. ಅದನ್ನು ಉಗುಳಿದ ಮೇಲೆ ಮಾತು ನಿಲ್ಲುತ್ತಿರಲಿಲ್ಲ. ಸೋಮವಾರ ಉಪವಾಸ, ಅಮಾವಾಸ್ಯೆಗೆ ಎಣ್ಣೆ ದೀಪ. ಇರುವೆ ಸಾಲು ಕಂಡರೆ ದಾಟದೆ ಸುತ್ತು ಹಾಕಿ ಹೋಗುವ ಹೆಂಗಸು. ನಾನು ಸಾಲಿಯಲ್ಲಿ ಕಲಿಸುತ್ತಿದ್ದೆನಾದ್ದರಿಂದ ಆಕೆಯ ದೃಷ್ಟಿಯಲ್ಲಿ ದೇವರ ವಿಷಯದಲ್ಲಿ ಸ್ವಲ್ಪ ಕಚ್ಚಾ. ಅದನ್ನು ಹೇಳಿ ನಗುತ್ತಿದ್ದಳು.

ಎಂಬತ್ತರ ದಶಕದ ಕೊನೆ ಇರಬೇಕು. ನನ್ನ ಎರಡನೆಯ ಮಗಳು ಇನ್ನೂ ಮೊಲೆ ಬಿಟ್ಟಿರಲಿಲ್ಲ, ಆಗಲೇ ಮತ್ತೆ ತಿಂಗಳು ನಿಂತಿತು. ಎರಡನೆಯದು ಹೊಟ್ಟೆ ಕೊಯ್ದು ತೆಗೆದ ಹೆರಿಗೆ. ನೆಲಕ್ಕೆ ಬಗ್ಗಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಹೊಲಿಗೆ ಇಷ್ಟು ಬೇಗ ಇನ್ನೊಂದು ಬಸಿರು ತಡೆಯಲಿಕ್ಕಿಲ್ಲ ಎಂದು ಚಿಕ್ಕೋಡಿಯ ಡಾಕ್ಟರಬಾಯಿ ಹೇಳಿದ್ದರು. ಅದು ನಿಜ. ಆದರೆ ಅಪಾಯವೊಂದೇ ಕಾರಣ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಬೇಡವಾಗಿತ್ತು. ಆಗಲೇ ಇನ್ನೊಂದು ಜೀವವನ್ನು ಹೊತ್ತು, ಹಡೆದು, ಎತ್ತಿ ಆಡಿಸುವ ತ್ರಾಣ ಮೈಯಲ್ಲೂ ಇರಲಿಲ್ಲ, ಮನಸ್ಸಿನಲ್ಲೂ ಇರಲಿಲ್ಲ. ನಮ್ಮವರು ಒಪ್ಪಿದ್ದರು. ಅತ್ತೆ ಅಥಣಿಯ ಮಗಳ ಮನೆಗೆ ಹೋಗಿದ್ದರು. ಇಡೀ ದಿನ ಕೂಸನ್ನು ಯಾರ ಹತ್ತಿರ ಬಿಡುವುದು ಎಂಬ ಪ್ರಶ್ನೆ ಬಂದಾಗ ಕಾಕುವಿಗೆ ಹೇಳಲೇಬೇಕಾಯಿತು.

ಆಕೆ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು. ಕೈ ತೊಳೆದುಕೊಂಡು ಬಂದು ನನ್ನೆದುರು ನಿಂತಳು.

"ಅದು ಪಾಪದ ಕೆಲಸ, ಮಗಳ. ನಾ ಹೌದನ್ನಾಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಎಷ್ಟು ದಿನದಿಂದ ನನ್ನೊಳಗೇ ಗುದ್ದಾಡಿ ಗಟ್ಟಿ ಮಾಡಿಕೊಂಡಿದ್ದ ಮನಸ್ಸು ಅದು. ಕಾಯ್ದೆ ಒಪ್ಪಿದೆ, ಡಾಕ್ಟರು ಒಪ್ಪಿದ್ದಾರೆ, ಗಂಡ ಒಪ್ಪಿದ್ದಾನೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ.

"ಇದರಾಗ ಪಾಪ-ಪುಣ್ಯ ತರಬ್ಯಾಡ್ರಿ ಕಾಕು. ಇದು ದವಾಖಾನಿ ಮಾತು, ಅಷ್ಟ."

ಆಕೆ ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು. ನನ್ನ ಕಂಕುಳಲ್ಲಿದ್ದ ಕೂಸನ್ನು ಎತ್ತಿಕೊಂಡಳು. ಹಸಿವಾದರೆ ಎಮ್ಮೆ ಹಾಲಿಗೆ ನೀರು ಬೆರೆಸಿ ಕುಡಿಸುತ್ತೇನೆ, ನೀನು ಹೊತ್ತಿಗೆ ಸರಿಯಾಗಿ ಬಸ್ಸು ಹಿಡಿ ಎಂದಳು. ಬೇಡವೆನ್ನುವವಳೂ ಆಕೆಯೇ, ಕೂಸು ಹಿಡಿಯುವವಳೂ ಆಕೆಯೇ. ಚಿಕ್ಕೋಡಿ ತನಕ ಬಸ್ಸಿನಲ್ಲಿ ಅದೇ ತಲೆಯಲ್ಲಿ ಕೊರೆಯಿತು.

ಸಂಜೆ ತಿರುಗಿ ಬಂದಾಗ ನಾನು ನಡೆಯುತ್ತಿದ್ದೆ ಅನ್ನುವುದೊಂದೇ. ಒಳಗೆ ಏನಿತ್ತೆಂದು ಇವತ್ತಿಗೂ ಸರಿಯಾಗಿ ಹೇಳಲಾರೆ... ತಪ್ಪು ಮಾಡಿದೆನೆಂಬ ಭಾವವಲ್ಲ, ಹಗುರವೂ ಅಲ್ಲ. ದವಾಖಾನೆಯಲ್ಲಿ ಎಲ್ಲರೂ ಚೆನ್ನಾಗಿಯೇ ನೋಡಿಕೊಂಡಿದ್ದರು. ಎರಡು ದಿನ ಭಾರ ಎತ್ತಬೇಡಿ, ಗುಳಿಗೆ ತಪ್ಪಿಸಬೇಡಿ ಎಂದು ಕಳಿಸಿದ್ದರು. ನಮ್ಮವರು ಪಾಪ, ಚಹಾ ಮಾಡಿ ಕೊಟ್ಟು, ಮುಂದೇನು ಮಾಡಬೇಕು ತಿಳಿಯದೆ ಗದ್ದೆಗೆ ನೀರು ಬಿಡಲು ಹೋದರು.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಹಂಡೆ ಸದ್ದಾಯಿತು. ನೋಡಿದರೆ ಕಾಕು ಸೆರಗು ಸಿಗಿಸಿಕೊಂಡು ಒಲೆಗೆ ಕಟ್ಟಿಗೆ ಹಾಕುತ್ತಿದ್ದಳು. ಪಕ್ಕದಲ್ಲಿ ಎಣ್ಣೆ ಬಟ್ಟಲು, ಹಳೆಯ ಮೆತ್ತನೆಯ ಸೀರೆಯ ತುಂಡು, ಮುಚ್ಚಳದ ಡಬ್ಬಿ. ನನಗೇಕೆ ಇದೆಲ್ಲ, ನಾನೇನು ಹಡೆದಿದ್ದೇನೆಯೇ ಎಂದು ಕೇಳಿದೆ. ಧ್ವನಿಯಲ್ಲಿ ಹಿಂದಿನ ದಿನದ ಸಿಟ್ಟು ಇನ್ನೂ ಇತ್ತು.

"ಎತ್ತಾಕ ಕೂಸಿಲ್ಲಂದ್ರ ಬಾಣಂತನಾನೂ ಇಲ್ಲ ಅಂತ ಯಾರ ಹೇಳ್ಯಾರ? ಮೈಗೇನ್ ಗೊತ್ತಾಗ್ತೈತಿ ಅದು. ಕುಂದರು."

ಕೂತೆ. ತಲೆಗೆ ಎಣ್ಣೆ ಒತ್ತಿದಳು, ಬೆನ್ನು ತಿಕ್ಕಿದಳು, ಸುಡುಸುಡು ನೀರು ನಡುವಿಗೆ ಹೊಯ್ದಳು. ಹೊಟ್ಟೆಗೆ ಬಟ್ಟೆ ಬಿಗಿದು, ಕಿವಿಗೆ ಅರಳೆ ಇಟ್ಟು, ಮಂಚದ ಕೆಳಗೆ ಕೆಂಡಕ್ಕೆ ಅಜವಾನ ಉದುರಿಸಿ ಮಲಗಿಸಿದಳು. ಆಮೇಲೆ ಡಬ್ಬಿ ತೆರೆದು ಅಂಟಿನ ಉಂಡಿ ಬಾಯಿಗಿಟ್ಟಳು. ಹಿಂದಿನ ದಿನ ನನ್ನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೇ ಆಕೆ ಉಂಡಿ ಕಟ್ಟಿದ್ದಳಂತೆ. ಪಾಪದ ಕೆಲಸ ಎಂದು ಹೇಳಿದ ಬಾಯಿ ಆಗ ನೋವು ಇದೆಯಾ ಎಂದು ಮಾತ್ರ ಕೇಳಿತು. ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಬಿಕ್ಕಿ ಬಿಕ್ಕಿ ಅತ್ತೆ. ಅಳುವಾಗ ಉಂಡಿ ನುಂಗಬೇಡ, ಗಂಟಲಿಗೆ ಸಿಕ್ಕೀತು ಎಂದು ಬೈದಳು.

ಆ ವಾರವೆಲ್ಲ ಬಂದಳು. ಓಣಿಯವರು ಕೇಳಿದರೆ ಮಾಸ್ತರಬಾಯಿಗೆ ನಡ ಹಿಡಿದಿದೆ ಎನ್ನುತ್ತಿದ್ದಳು. ಇರುವೆ ದಾಟದ ಕಾಕು ನನಗಾಗಿ ಹಗಲೆಲ್ಲ ಸುಳ್ಳು ಹೇಳಿದಳು.

ಉಂಡಿ ಮುಗಿದ ದಿನ ಡಬ್ಬಿ ತೊಳೆದು ಒರೆಸಿದೆ. ನಮ್ಮಲ್ಲಿ ಉಂಡ ಮನೆಯ ಡಬ್ಬಿಯನ್ನು ಖಾಲಿ ತಿರುಗಿಸುವುದಿಲ್ಲ, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಬಾಣಂತಿಯ ಡಬ್ಬಿಗಂತೂ ಬೆಲ್ಲವೋ ಪೇಢೆಯೋ, ಕೂಸಿನ ಹೆಸರಿನಲ್ಲಿ ಏನಾದರೂ ಸಿಹಿ. ನಾನು ಬೆಲ್ಲದ ಡಬ್ಬದ ಮುಂದೆ ನಿಂತೆ. ಕೈ ಮುಂದೆ ಹೋಗಲಿಲ್ಲ. ಯಾರ ಹೆಸರಿನಲ್ಲಿ ಹಾಕಲಿ... ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಹಿಂದಿನಿಂದ ಬಂದ ಕಾಕು ಡಬ್ಬಿಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

"ಇರ್ಲಿ ಬಿಡು, ಮಗಳ. ಈ ಸಲ ಖಾಲೀನ ಇರ್ಲಿ."

ಸೆರಗಿನೊಳಗೆ ಇಟ್ಟುಕೊಂಡು ಹೋದಳು.

ಓಣಿಯಲ್ಲಿ ಗುಟ್ಟು ಎಷ್ಟು ದಿನ ನಿಂತೀತು? ನನ್ನದೂ ನಿಲ್ಲಲಿಲ್ಲ. ಕೆಲವು ವರ್ಷಗಳ ಮೇಲೆ, ಓಣಿಯ ಆ ತುದಿಯ ಮನೆಯ ಸೊಸೆ ಮೂರನೆಯ ಸಲ ಬಸುರಿಯಾದಾಗ ಅದು ನನ್ನೆದುರಿಗೇ ಬಂತು. ಆಕೆಗೆ ಆಗಲೇ ಎರಡು ಹೆಣ್ಣು. ದೂಧಗಂಗಾ ಹೊಳೆ ದಾಟಿದರೆ ಮಹಾರಾಷ್ಟ್ರ. ಆಚೆ ಯಾರೋ ಮೆಷಿನ್ ಇಟ್ಟಿದ್ದಾರೆ, ಗಂಡೋ ಹೆಣ್ಣೋ ಹೇಳುತ್ತಾರೆ ಎಂದು ನಮ್ಮ ಕಡೆಯ ಕಬ್ಬಿನ ಮನೆ, ದ್ರಾಕ್ಷಿ ಮನೆಗಳಲ್ಲೆಲ್ಲ ಪಿಸುಮಾತು ಎದ್ದ ಕಾಲ ಅದು. ಆ ಸೊಸೆ ನೀರಿಗೆ ಬಂದಾಗ ನನ್ನ ಹಿತ್ತಲಲ್ಲಿ ಕೊಡ ಇಟ್ಟು ಅತ್ತಳು. ಬರುವ ವಾರ ಕರೆದುಕೊಂಡು ಹೋಗುತ್ತಾರಂತೆ, ಹೆಣ್ಣಾದರೆ ಅಲ್ಲೇ ತೆಗೆಸುತ್ತಾರಂತೆ.

"ಏನರ ಇರ್ಲಿ ಅಕ್ಕಾರ, ನನಗ ಬೇಕ್ರಿ ಇದು."

ನಾನು ಆಕೆಯ ಅತ್ತೆಯ ಹತ್ತಿರ ಹೋದೆ. ಕಲಿತವಳಲ್ಲವೇ, ಕಾಯ್ದೆ, ಹೆಣ್ಣುಮಗು ಎಂದೆಲ್ಲ ತಿಳಿಸಿ ಹೇಳಿದೆ. ಆ ಹೆಂಗಸು ಕೆಟ್ಟವಳಲ್ಲ, ನನಗೆ ಚಹಾ ಕೊಟ್ಟಳು. ಚಹಾ ಕೊಟ್ಟು, ನೀವು ಕಲಿತವರೇ ಚಿಕ್ಕೋಡಿಗೆ ಹೋಗಿ ಬಂದಿರಲ್ಲ, ನಮ್ಮ ಸೊಸೆ ಹೋದರೆ ತಪ್ಪೇನು, ಇದರಲ್ಲಿ ಪಾಪ-ಪುಣ್ಯ ಯಾಕೆ ತರುತ್ತೀರಿ ಎಂದು ಮೆತ್ತಗೆ ಕೇಳಿದಳು. ನನ್ನ ಮಾತನ್ನೇ ನನ್ನ ಕೈಗೆ ಕೊಟ್ಟಂತಾಯಿತು. ಎರಡೂ ಒಂದಲ್ಲ ಎಂದು ಒಳಗೆಲ್ಲೋ ಗೊತ್ತಿತ್ತು. ಯಾಕೆ ಒಂದಲ್ಲ ಎಂದು ಹೇಳಲು ಪಾಪ-ಪುಣ್ಯದ ಮಾತನ್ನೇ ಎತ್ತಬೇಕಿತ್ತು, ಆ ಬಾಗಿಲನ್ನು ನಾನೇ ಹಿಂದೆ ಮುಚ್ಚಿ ಬಂದಿದ್ದೆ. ಚಹಾ ಕುಡಿದು ಎದ್ದು ಬಂದೆ.

ಕಾಕುವಿಗೆ ಹೇಳಿದೆ. ಹಿಂಡಿ ಕಲಸುತ್ತಲೇ ಕೇಳಿಸಿಕೊಂಡಳು. ಮರುದಿನ ನೋಡಿದರೆ ಆಕೆಯ ಅಂಗಳದಲ್ಲಿ ಬಳೆಗಾರ ಕೂತಿದ್ದ.

ನಮ್ಮ ಕಡೆ ಬಸುರಿಗೆ ಮೂರನೆಯ ತಿಂಗಳಿಗೆ ಕಳ್ಳ ಕುಬಸ ಮಾಡುತ್ತಾರೆ. ಬಸಿರು ಇನ್ನೂ ಹೊರಗೆ ಗೊತ್ತಾಗಬಾರದ ಹೊತ್ತು, ದೃಷ್ಟಿ ತಾಗಬಾರದೆಂದು ಮನೆಯವರಷ್ಟೇ ಸೇರಿ ಸದ್ದಿಲ್ಲದೆ ಒಂದು ಹೊಸ ಕುಬಸ, ಅಂದರೆ ರವಿಕೆ, ತೊಡಿಸಿ, ಹಸಿರು ಬಳೆ ಇಟ್ಟು, ಉಡಿ ತುಂಬುತ್ತಾರೆ. ಕಾಕು ಆ ಕಳ್ಳ ಕುಬಸವನ್ನು ಊರಿಗೆಲ್ಲ ಸಾರಿ ಮಾಡಿದಳು. ಮನೆಮನೆಗೂ ಹೋಗಿ ಅರಿಷಿಣ ಕುಂಕುಮಕ್ಕೆ ಕರೆದಳು. ನೆರೆಮನೆಯ ಹಿರಿಯಳು ಕೈಯಾರೆ ಮಾಡುವ ಕುಬಸಕ್ಕೆ ಬೇಡ ಎನ್ನುವ ಅತ್ತೆ ನಮ್ಮ ಊರಲ್ಲಿ ಇರಲಿಲ್ಲ. ಆ ಮನೆಯ ಅತ್ತೆಯೂ ರೇಷ್ಮೆ ಸೀರೆ ಉಟ್ಟು ಬಂದಳು. ಹೋಳಿಗೆಯ ವಾಸನೆಗೆ ಓಣಿಯ ಮಕ್ಕಳೆಲ್ಲ ಬಾಗಿಲಲ್ಲೇ ಇದ್ದವು.

ಹುಡುಗಿಯನ್ನು ಮಣೆಯ ಮೇಲೆ ಕೂಡಿಸಿ, ಎರಡೂ ಕೈ ತುಂಬ ಹಸಿರು ಬಳೆ ಇಡಿಸಿ, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಉಡಿಗೆ ಹಾಕಿದಳು ಕಾಕು. ಹಾಕಿ, ಉಡಿಯ ಗಂಟು ಬಿಗಿಯುತ್ತ, ಯಾರ ಮುಖವನ್ನೂ ನೋಡದೆ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಉಡಿ ತುಂಬಿದಾಕಿ ಹೊಳಿ ದಾಟಬಾರ್ದು. ಇನ್ನ ಹಡಿಯೂತನಾ ಈಕಿ ದೂಧಗಂಗಾ ದಾಟೂಹಂಗಿಲ್ಲ. ಹೌದಿಲ್ರಿ ಎಲ್ಲಾರೂ?"

ಹೌದ್ರಿ ಹೌದ್ರಿ ಎಂದರು ಹೆಂಗಸರೆಲ್ಲ. ಹಳೆಯ ನಂಬಿಕೆ, ಯಾರು ಇಲ್ಲವೆಂದಾರು? ಅತ್ತೆಯ ಮುಖ ಸಣ್ಣದಾಯಿತು. ಓಣಿಯೆಲ್ಲ ಕಣ್ಣಿಟ್ಟ ಮೇಲೆ ಆ ಸೊಸೆಯನ್ನು ಹೊಳೆಯಾಚೆ ಕರೆದೊಯ್ಯಲು ಯಾರಿಗೆ ಧೈರ್ಯ? ಕೊನೆಗೆ ಆರತಿ ತಟ್ಟೆಯನ್ನು ಅತ್ತೆಯ ಕೈಗೇ ಕೊಟ್ಟಳು ಕಾಕು. ಆ ಹೆಂಗಸು ಆರತಿ ಎತ್ತಿದಳು. ಮಣೆಯ ಮೇಲಿನ ಹುಡುಗಿ ಉಡಿಯ ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಇದ್ದಳು. ಆ ಕೈಗಳು ನನಗೆ ಈಗಲೂ ಕಾಣುತ್ತವೆ.

ಎಲ್ಲರೂ ಹೋದ ಮೇಲೆ ಪಾತ್ರೆ ತಿಕ್ಕುವಾಗ, ಬಹಳ ದಿನದಿಂದ ಎದೆಯಲ್ಲಿದ್ದದ್ದನ್ನು ಕೇಳಿದೆ. ನಾನು ಮಾಡಿದ್ದೂ ಅವರು ಮಾಡಹೊರಟಿದ್ದೂ ನಿಮ್ಮ ಲೆಕ್ಕದಲ್ಲಿ ಒಂದೇ ಪಾಪವೇ ಎಂದು. ಕಾಕು ಪಾತ್ರೆ ಕೆಳಗಿಟ್ಟಳು.

"ನೀ ಅಳಕೋಂತ ಹೋದಿ, ಆದ್ರ ನಿನ್ನ ಕಾಲಾಗ ನೀ ಹೋದಿ. ಈಕಿನ್ನ ಮಂದಿ ಎಳಕೊಂಡು ಹೊಂಟಿದ್ರು. ಅದೂ ಇದೂ ಒಂದ ಹೆಂಗಾದೀತು?"

"ಹಂಗಾರ ನಂದು ಪಾಪ ಅಲ್ಲೇನ್ರಿ?"

"ಅದನ್ನ ನಾ ಹಿಂದಕ್ಕ ತೊಗೊಳ್ಳಾಂಗಿಲ್ಲ, ಮಗಳ. ನಿನ್ನ ಬೆನ್ನು ತಿಕ್ಕಿದ್ದೂ ಹಿಂದಕ್ಕ ತೊಗೊಳ್ಳಾಂಗಿಲ್ಲ."

ನಾನೂ ನನ್ನದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮತ್ತೆ ಅಂಥ ದಿನ ಬಂದಿದ್ದರೆ ಮತ್ತೆ ಚಿಕ್ಕೋಡಿ ಬಸ್ಸು ಹತ್ತುತ್ತಿದ್ದೆ. ಆಮೇಲೆ ಎಷ್ಟೋ ಕಡೆ ಈ ವಿಷಯದ ಚರ್ಚೆ ಕೇಳಿದ್ದೇನೆ. ನೀತಿಯ ಮಾತು ಬೇರೆ, ಹೆಣ್ಣಿನ ದೇಹದ ಮಾತು ಬೇರೆ, ಎರಡನ್ನೂ ಕಲಸಬೇಡಿ ಎಂದು ಒಬ್ಬರು ಹೇಳುತ್ತಾರೆ. ನೀತಿಯೇ ಎಲ್ಲ ಎಂದು ಇನ್ನೊಬ್ಬರು ಮೇಜು ಕುಟ್ಟುತ್ತಾರೆ. ಕಾಕುವಿಗೆ ಎರಡನ್ನೂ ಬೇರೆ ಮಾಡಲು ಬರುತ್ತಿರಲಿಲ್ಲ. ಹಾಗಂತ ಪಾಪವೆಂದ ಮೇಲೆ ತನ್ನ ಕೆಲಸ ಮುಗಿಯಿತೆಂದು ಎದ್ದು ಹೋಗುವುದೂ ಬರುತ್ತಿರಲಿಲ್ಲ. ನೀತಿ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಹಂಡೆಯ ನೀರಿನ ಬಿಸಿ ನಡುವಿಗೆ ತಾಗಿದಂತಾಗುತ್ತದೆ.

ಆ ಸೊಸೆ ಹೆಣ್ಣನ್ನೇ ಹಡೆದಳು. ಕಾಕುವೇ ನೀರು ಹಾಕಿದಳು, ಉಂಡಿ ಕಟ್ಟಿದಳು. ಕೂಸಿನ ಗಂಟಲು ಕೇಳಿ, ಇದು ಓಣಿಯನ್ನೇ ಆಳುತ್ತದೆ ಎಂದು ನಕ್ಕಳು. ವರ್ಷ ತುಂಬುವಷ್ಟರಲ್ಲಿ, ಅಂದು ಆರತಿ ಎತ್ತಿದ ಅದೇ ಅಜ್ಜಿಯ ಸೊಂಟ ಬಿಟ್ಟು ಆ ಕೂಸು ಇಳಿಯುತ್ತಿರಲಿಲ್ಲ. ನಿನ್ನೆ ಬಂದ ಡಬ್ಬಿ ಆ ಕೂಸಿನ ಬಾಣಂತನದ್ದೇ.

ಇವತ್ತು ಬೆಳಿಗ್ಗೆ ಡಬ್ಬಿ ತೊಳೆದು, ನಮ್ಮ ಕಬ್ಬಿನದೇ ಹೊಸ ಬೆಲ್ಲ ತುಂಬಿ, ಮೇಲೆ ನಾಲ್ಕು ಪೇಢೆ ಇಟ್ಟು ಕೊಟ್ಟು ಬಂದೆ. ಕೂಸು ಮುಷ್ಟಿ ಬಿಗಿದು ಮಲಗಿತ್ತು. ಉಂಡಿ ಹೇಗಾಗಿತ್ತು ಎಂದು ಹುಡುಗಿಯ ತಾಯಿ ಕೇಳಿದಳು. ಕಾಕುವಿನ ಹದವೇ ಎಂದೆ.

ತಿರುಗಿ ಬರುವಾಗ ಕಾಕುವಿನ ಮನೆಯಿದ್ದ ಜಾಗದ ಮುಂದೆ ನಿಂತೆ. ಈಗಲ್ಲಿ ಗೊಬ್ಬರದ ಅಂಗಡಿ, ಷಟರ್ ಅರ್ಧ ಎಳೆದಿತ್ತು. ಇಷ್ಟು ವರ್ಷಗಳಲ್ಲಿ ಈ ಓಣಿಯ ಎಷ್ಟೋ ಮನೆಗಳ ಡಬ್ಬಿಗಳನ್ನು ತುಂಬಿ ತಿರುಗಿಸಿದ್ದೇನೆ. ಖಾಲಿ ಕೊಟ್ಟದ್ದು ಕಾಕುವಿನ ಆ ಡಬ್ಬಿಯೊಂದನ್ನೇ. ಈಗ ಅದಕ್ಕೂ ಒಂದು ಹಿಡಿ ಬೆಲ್ಲ ಹಾಕಬಲ್ಲೆ ಅನಿಸುತ್ತದೆ... ಇಸಿದುಕೊಳ್ಳಲು ಕಾಕು ಇಲ್ಲ.